ತೊಟ್ಟಿಯಲ್ಲಿ ಸಿಕ್ಕ ಕಂಚಿನ ಕೋವಿ: ಟಾನೆನ್‌ಬರ್ಗ್ ಕೋಟೆಯ ಒಂದು ಪ್ರಕರಣ

ಜರ್ಮನಿಯ ಹೆಸ್ಸೆ ರಾಜ್ಯದಲ್ಲಿ, ಡಾರ್ಮ್‌ಷ್ಟಾಟ್ ಪಟ್ಟಣದ ದಕ್ಷಿಣಕ್ಕೆ ಜೇಹೈಮ್-ಯೂಗೆನ್‌ಹೈಮ್ ಅನ್ನೋ ಊರಿದೆ. ಊರಿನ ಮೇಲಿನ ಗುಡ್ಡದಲ್ಲಿ, ಕಾಡಿನ ನಡುವೆ, ಟಾನೆನ್‌ಬರ್ಗ್ ಕೋಟೆಯ ಪಾಳುಗೋಡೆಗಳು ನಿಂತಿವೆ. 1849ರಲ್ಲಿ ಅಲ್ಲಿ ಅಗೆದಾಗ ಒಂದು ಪುಟ್ಟ ಕಂಚಿನ ಕೋವಿ ಸಿಕ್ಕಿತು. ಯುರೋಪಿನ ಮೊದಮೊದಲ ಕೋವಿಗಳ ಬಗ್ಗೆ ಯಾವ ಪುಸ್ತಕ ತೆಗೆದರೂ ಇದರ ಚಿತ್ರ ಸಿಗುತ್ತದೆ. ಚಿತ್ರದ ಅಡಿಯಲ್ಲಿ ಒಂದು ಇಸವಿಯೂ ಇರುತ್ತದೆ: 1399.

ಆ ಇಸವಿ ಕೋವಿಯ ಮೇಲೆ ಕೆತ್ತಿದ್ದಲ್ಲ. ಅದು ಕೋಟೆ ಬಿದ್ದ ವರ್ಷ. ಕೋಟೆಯ ಇಸವಿಯನ್ನು ತಂದು ಕೋವಿಗೆ ಅಂಟಿಸಿದ್ದಾರೆ. ಹೀಗೆ ಅಂಟಿಸುವುದು ತಪ್ಪೇನಲ್ಲ, ಪುರಾತತ್ವದಲ್ಲಿ ದಿನಾ ನಡೆಯುವ ಕೆಲಸ. ಆದರೆ ಅಂಟು ಎಷ್ಟು ಗಟ್ಟಿ, 1399 ಅನ್ನೋ ಅಂಕಿ ನಿಜವಾಗಿ ಏನು ಹೇಳುತ್ತದೆ ಅನ್ನೋದನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ಮೊದಲೇ ಒಂದು ಗೊಂದಲ ಕಳೆದುಬಿಡೋಣ. ಟಾನೆನ್‌ಬರ್ಗ್ ಅಂದ ಕೂಡಲೇ ಎಷ್ಟೋ ಜನ 1410ರ ದೊಡ್ಡ ಯುದ್ಧಕ್ಕೆ ಹೋಗುತ್ತಾರೆ. ಪೋಲೆಂಡ್-ಲಿಥುವೇನಿಯಾ ಸೇನೆ ಟ್ಯೂಟಾನಿಕ್ ನೈಟ್‌ಗಳನ್ನು ಸೋಲಿಸಿದ ಆ ಕದನ ನಡೆದದ್ದು ದೂರದ ಪ್ರಷ್ಯಾದಲ್ಲಿ. ಅದಕ್ಕೂ ಈ ಕೋಟೆಗೂ ಸಂಬಂಧವಿಲ್ಲ. ಹೆಸರು ಮಾತ್ರ ಒಂದೇ. "ಟಾನೆನ್‌ಬರ್ಗ್ ಯುದ್ಧದಲ್ಲಿ ಬಳಸಿದ ಕೋವಿ" ಅಂತ ಎಲ್ಲಾದರೂ ಓದಿದರೆ, ಬರೆದವರು ಈ ಎರಡನ್ನೂ ಕಲಸಿದ್ದಾರೆ ಅಂತ ತಿಳಿಯಬಹುದು.

ಕೈಗೆ ಸಿಕ್ಕಿದ್ದು ಏನು?

ಉದ್ದ ಸುಮಾರು 32 ಸೆಂಟಿಮೀಟರ್. ತೂಕ ಒಂದೂಕಾಲು ಕಿಲೋ ಆಸುಪಾಸು. ಅಡುಗೆಮನೆಯ ಲಟ್ಟಣಿಗೆಯಷ್ಟು ಉದ್ದ, ಅದಕ್ಕಿಂತ ಜಾಸ್ತಿ ಭಾರ. ಇಡೀ ಕೋವಿ ಒಂದೇ ಎರಕ. ನಳಿಗೆ ಹೊರಗಿನಿಂದ ಎಂಟು ಮುಖದ್ದು, ಒಳಗೆ ದುಂಡಗೆ. ಒಳಬಾಯಿಯ ಅಗಲ ಹೆಚ್ಚುಕಡಿಮೆ ಒಂದೂವರೆ ಸೆಂಟಿಮೀಟರ್. ಹಿಂಭಾಗ ಟೊಳ್ಳು. ಅದರೊಳಗೆ ಮರದ ಕೋಲು ತೂರಿಸಬೇಕು, ಅದೇ ಹಿಡಿ. ಬೆರಳಿನಿಂದ ಎಳೆಯುವ ಕುದುರೆ (ಟ್ರಿಗರ್) ಇಲ್ಲ, ಗುರಿ ನೋಡುವ ಮೊನೆಯೂ ಇಲ್ಲ. ನಳಿಗೆಯ ಹಿಂಬದಿಯಲ್ಲಿ, ಮೇಲ್ಮೈ ಮೇಲೆ, ಬೆಂಕಿ ತಾಗಿಸಲು ಒಂದು ಚಿಕ್ಕ ತೂತು ಇದೆ, ಅಷ್ಟೆ.

ಇದನ್ನು ಹಾರಿಸುವವನ ಪಾಡು ಊಹಿಸಿ. ಕೋಲಿನ ತುದಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳಬೇಕು, ಇಲ್ಲವೇ ಗೋಡೆಗೋ ನೆಲಕ್ಕೋ ಆನಿಸಬೇಕು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಉರಿಯುವ ಬತ್ತಿ ಅಥವಾ ಕಾದ ಕಬ್ಬಿಣದ ಕಡ್ಡಿ. ಕಣ್ಣು ತೂತಿನ ಮೇಲಿಟ್ಟರೆ ಗುರಿ ತಪ್ಪುತ್ತದೆ, ಗುರಿಯ ಮೇಲಿಟ್ಟರೆ ತೂತು ತಪ್ಪುತ್ತದೆ. ಬತ್ತಿ ಸಿಕ್ಕಿಸಿ ಬೆರಳಿನಿಂದ ಇಳಿಸುವ ಕೊಕ್ಕೆಯ ಹಳೆಯ ಚಿತ್ರವೊಂದು 1411ರ ವಿಯೆನ್ನಾ ಹಸ್ತಪ್ರತಿಯಲ್ಲಿದೆ. ಈ ಕೋವಿಯಲ್ಲಿ ಆ ಏರ್ಪಾಡು ಯಾವುದೂ ಇಲ್ಲ.

ಹೊರಗಿನ ಆಕಾರಕ್ಕಿಂತ ಮುಖ್ಯವಾದ ಸಂಗತಿ ಒಳಗಿದೆ. ನಳಿಗೆಯ ಕೊನೆಯಲ್ಲಿ ಮದ್ದು ತುಂಬುವ ಕೋಣೆ ಬೇರೆಯಾಗಿದೆ, ಅದು ನಳಿಗೆಗಿಂತ ಕಿರಿದು. ಮದ್ದು ಆ ಕಿರಿದಾದ ಕೋಣೆಗೆ ಇಳಿಯುತ್ತದೆ. ಗುಂಡು ಅದರ ಬಾಯಲ್ಲೇ ಕೂರುತ್ತದೆ, ಒಳಗೆ ಜಾರುವುದಿಲ್ಲ. ಆ ಕಾಲದ ಮದ್ದು ಹಿಟ್ಟಿನ ಹಾಗೆ ನುಣ್ಣಗಿರುತ್ತಿತ್ತು. ತೀರಾ ಒತ್ತಿ ತುಂಬಿದರೆ ಬೆಂಕಿ ಸರಿಯಾಗಿ ಹರಡುತ್ತಿರಲಿಲ್ಲ. ಗುಂಡು ಹೋಗಿ ಮದ್ದನ್ನು ಅಮುಕದ ಹಾಗೆ ಈ ಏರ್ಪಾಡು. ದೊಡ್ಡ ಕಲ್ಲುಗುಂಡಿನ ತೋಪುಗಳಲ್ಲೂ ಇದೇ ಲೆಕ್ಕಾಚಾರ. ದೊಡ್ಡದನ್ನೇ ಕುಗ್ಗಿಸಿ ಕೈಗೆ ಹಿಡಿಸುವ ಅಳತೆಗೆ ತಂದಂತಿದೆ ಇದು.

ಇದು ಕೋವಿಯೇ ಹೌದಾ ಅನ್ನೋ ಪ್ರಶ್ನೆ ಕೇಳಿದರೆ ಕೆಲವರಿಗೆ ನಗು ಬರಬಹುದು. ಆದರೆ ಅಗೆತದಲ್ಲಿ ತುಕ್ಕು ಹಿಡಿದ ಕೊಳವೆ ಸಿಕ್ಕಾಗ ಇದೇ ಮೊದಲ ಪ್ರಶ್ನೆ. ಗಾಡಿಯ ಅಚ್ಚಿನ ಬಳೆ, ನೀರಿನ ಕೊಳವೆ, ಈಟಿಯ ಬುಡ ಎಲ್ಲವೂ ಮೇಲ್ನೋಟಕ್ಕೆ ಕೋವಿಯ ತುಂಡಿನಂತೆ ಕಾಣುತ್ತವೆ. ಅದಕ್ಕಿಂತ ಜಾಸ್ತಿ ಮೋಸ ಮಾಡುವುದು ಕದಿನಿ. ನಮ್ಮ ಜಾತ್ರೆಗಳಲ್ಲಿ ಸಿಡಿಸುತ್ತಾರಲ್ಲ, ಆ ಥರದ ಸಲಾಮಿ ಕೊಳವೆಗಳನ್ನು ಜರ್ಮನ್ ಹಳ್ಳಿಗಳಲ್ಲೂ ಮದುವೆ, ಹಬ್ಬಕ್ಕೆ ಶತಮಾನಗಳ ಕಾಲ ಸಿಡಿಸಿದ್ದಾರೆ. ಗಿಡ್ಡ, ದಪ್ಪ ಗೋಡೆ, ಬೆಂಕಿ ತಾಗಿಸಲು ತೂತು. 18ನೇ ಶತಮಾನದ ಇಂಥ ವಸ್ತುವನ್ನು ಮಧ್ಯಯುಗದ ತೋಪು ಅಂತ ಮಾರುವುದೂ ಉಂಟು, ಕೊಳ್ಳುವುದೂ ಉಂಟು. ಟಾನೆನ್‌ಬರ್ಗ್ ಕೋವಿಯಲ್ಲಿ ಆ ಅನುಮಾನಕ್ಕೆ ಜಾಗವಿಲ್ಲ. ಸಲಾಮಿ ಕೊಳವೆಗೆ ಹಿಡಿ ಬೇಕಾಗಿಲ್ಲ, ನೆಲದ ಮೇಲೆ ನಿಲ್ಲಿಸಿ ಸಿಡಿಸುತ್ತಾರೆ. ಗುಂಡನ್ನು ದಾರಿಯಲ್ಲಿ ತಡೆದು ಕೂರಿಸುವ ಕೋಣೆಯೂ ಬೇಕಾಗಿಲ್ಲ. ಇದಕ್ಕೆ ಎರಡೂ ಇವೆ.

1399ರಲ್ಲಿ ನಡೆದದ್ದು

ಟಾನೆನ್‌ಬರ್ಗ್ ಒಬ್ಬ ದೊರೆಯ ಕೋಟೆಯಲ್ಲ. ಹಲವು ಮನೆತನಗಳು ಪಾಲು ಹಂಚಿಕೊಂಡಿದ್ದ ಜಂಟಿ ಆಸ್ತಿ. ಹಾಗಿದ್ದ ಕಡೆ ಯಾರ ಮಾತನ್ನು ಯಾರು ಕೇಳುತ್ತಾರೆ? 14ನೇ ಶತಮಾನದ ಕೊನೆಯಲ್ಲಿ ಅಲ್ಲಿದ್ದ ಪಾಲುದಾರರಲ್ಲಿ ಕೆಲವರು ದಾರಿಹೋಕ ವ್ಯಾಪಾರಿಗಳನ್ನು ದೋಚುತ್ತಿದ್ದಾರೆ ಅನ್ನೋ ದೂರು ಎದ್ದಿತು. ಗುಡ್ಡದ ಕೆಳಗೇ ರೈನ್ ಬಯಲಿನ ಅಂಚಿನ ಹೆದ್ದಾರಿ. ಹಾರ್ಟ್‌ಮುಟ್ ಫಾನ್ ಕ್ರೋನ್‌ಬರ್ಗ್ ಅನ್ನೋ ನೈಟ್‌ನ ಹೆಸರು ಈ ಪ್ರಕರಣದಲ್ಲಿ ಮುಖ್ಯವಾಗಿ ಕೇಳಿಬರುತ್ತದೆ. ಕೊನೆಗೆ 1399ರ ಜುಲೈನಲ್ಲಿ ಪ್ಯಾಲಟಿನೇಟ್ ಸೀಮೆಯ ದೊರೆ ರುಪ್ರೆಕ್ಟ್, ಮೈಂಟ್ಸ್‌ನ ಆರ್ಚ್‌ಬಿಷಪ್, ಫ್ರಾಂಕ್‌ಫರ್ಟ್‌ನಂಥ ನಗರಗಳು ಸೇರಿ ಮುತ್ತಿಗೆ ಹಾಕಿದವು. ಫ್ರಾಂಕ್‌ಫರ್ಟ್ ತನ್ನ ದೊಡ್ಡ ಕಲ್ಲುಗುಂಡಿನ ತೋಪನ್ನೇ ಗುಡ್ಡಕ್ಕೆ ಎಳೆಸಿತು. ಕೋಟೆ ಬಿತ್ತು. ಮತ್ತೆ ಯಾರೂ ಅದನ್ನು ಕಟ್ಟಲಿಲ್ಲ. ಮರುವರ್ಷವೇ ರುಪ್ರೆಕ್ಟ್ ಜರ್ಮನಿಯ ರಾಜನಾದ.

ಈ "ಮತ್ತೆ ಕಟ್ಟಲಿಲ್ಲ" ಅನ್ನೋದೇ ಪುರಾತತ್ವದವರಿಗೆ ಚಿನ್ನ. ಸಾಮಾನ್ಯವಾಗಿ ಕೋಟೆಗಳು ಬೀಳುತ್ತವೆ, ಏಳುತ್ತವೆ, ಕೈ ಬದಲಾಯಿಸುತ್ತವೆ. ಐದುನೂರು ವರ್ಷಗಳ ಕಸ ಒಂದರ ಮೇಲೊಂದು ಕೂತು ಕಲಸಿಹೋಗಿರುತ್ತದೆ. ಟಾನೆನ್‌ಬರ್ಗ್‌ನಲ್ಲಿ ಬದುಕು ಒಂದು ಬೇಸಿಗೆಯಲ್ಲಿ ತಟ್ಟನೆ ನಿಂತಿತು. ಅಲ್ಲಿ ಜನ ಬಳಸಿ ಬಿಟ್ಟ ಮನೆ ಸಾಮಾನು, ಕಬ್ಬಿಣದ ಸರಂಜಾಮು, ಚಳಿಗಾಲದ ಒಲೆಯ ಹೆಂಚು ಎಲ್ಲಕ್ಕೂ ಒಂದು ಕೊನೆಯ ಗಡುವು ಸಿಕ್ಕಂತಾಯಿತು.

ಒಲೆಯ ಹೆಂಚಿನ ಮಾತು ಸುಮ್ನೆ ತಂದದ್ದಲ್ಲ. ಕೋಣೆ ಬೆಚ್ಚಗಿಡುವ ಒಲೆಗೆ ಹೊದಿಸುತ್ತಿದ್ದ ಕುಸುರಿ ಕೆಲಸದ ಒಂದು ಬಗೆಯ ಹೆಂಚಿಗೆ ಜರ್ಮನ್ ಪುರಾತತ್ವದಲ್ಲಿ "ಟಾನೆನ್‌ಬರ್ಗ್ ಮಾದರಿ" ಅಂತಲೇ ಹೆಸರು. ಬೇರೆ ಕೋಟೆಯಲ್ಲಿ, ಬೇರೆ ಊರಿನಲ್ಲಿ ಅದೇ ಬಗೆಯ ಹೆಂಚು ಸಿಕ್ಕರೆ 14ನೇ ಶತಮಾನದ ಕೊನೆಯ ಸುತ್ತಮುತ್ತ ಅಂತ ಅಂದಾಜು ಹಾಕಲು ಈ ಕೋಟೆಯೇ ಆಧಾರ. ಅಂದರೆ 1399ರ ಮೇಲೆ ನಿಂತಿರುವುದು ಕೋವಿ ಒಂದೇ ಅಲ್ಲ. ಆ ಅಂಕಿ ಅಲ್ಲಾಡಿದರೆ ಜೊತೆಗೆ ತುಂಬಾ ಸಾಮಾನು ಅಲ್ಲಾಡುತ್ತದೆ.

ಅಗೆದವರು, ಅಗೆದ ಬಗೆ

1849ರಲ್ಲಿ ಅಗೆಸಿದವರು ಇಬ್ಬರು. ಒಬ್ಬರು ಯಾಕೋಬ್ ಹೈನ್‌ರಿಷ್ ಫಾನ್ ಹೆಫ್ನರ್-ಆಲ್ಟೆನೆಕ್. ಕಲಾ ಇತಿಹಾಸದವರು, ಒಳ್ಳೆಯ ಚಿತ್ರಕಾರ, ಮುಂದೆ ಮ್ಯೂನಿಕ್‌ನ ಬವೇರಿಯನ್ ರಾಷ್ಟ್ರೀಯ ಮ್ಯೂಸಿಯಂನ ನಿರ್ದೇಶಕರಾದರು. ಇನ್ನೊಬ್ಬರು ಯೋಹಾನ್ ವಿಲ್ಹೆಲ್ಮ್ ವೋಲ್ಫ್. ಹೆಸ್ಸೆಯ ಜನಪದ ಕಥೆಗಳನ್ನು ಕೂಡಿಹಾಕಿದವರು. ಮರುವರ್ಷವೇ, 1850ರಲ್ಲಿ, ಸಿಕ್ಕ ವಸ್ತುಗಳ ಚಿತ್ರಗಳ ಸಮೇತ ಪುಸ್ತಕ ಹೊರಬಂತು. ಇವತ್ತಿಗೂ ಎಷ್ಟೋ ಅಗೆತಗಳ ವರದಿ ದಶಕಗಟ್ಟಲೆ ಬರುವುದಿಲ್ಲ. ಆ ಲೆಕ್ಕದಲ್ಲಿ ಇವರಿಗೆ ಕೈಮುಗಿಯಬೇಕು.

ಆದರೆ ಅವರ ಕಣ್ಣಿದ್ದದ್ದು ವಸ್ತುವಿನ ಮೇಲೆ, ಮಣ್ಣಿನ ಮೇಲಲ್ಲ. ಯಾವುದು ಯಾವ ಪದರದಲ್ಲಿ, ಎಷ್ಟು ಆಳದಲ್ಲಿ, ಯಾವುದರ ಕೆಳಗೆ ಇತ್ತು ಅಂತ ಒಂದೊಂದಕ್ಕೂ ಬರೆದಿಡುವ ಅಭ್ಯಾಸ ಆಗ ಇರಲಿಲ್ಲ. ಕೋವಿ ಸಿಕ್ಕ ಜಾಗದ ವಿಷಯದಲ್ಲೇ ನೋಡಿ. ಆಮೇಲೆ ಬಂದ ಬರಹಗಳಲ್ಲಿ ಕೆಲವರು ಬಾವಿ ಅನ್ನುತ್ತಾರೆ, ಕೆಲವರು ಮಳೆನೀರಿನ ತೊಟ್ಟಿ ಅನ್ನುತ್ತಾರೆ.

ನಾಲ್ಕು ನೂರೈವತ್ತು ವರ್ಷ ಬಾಯಿ ತೆರೆದುಕೊಂಡಿದ್ದ ತೊಟ್ಟಿಗೆ ಯಾರು ಏನು ಬೇಕಾದರೂ ಎಸೆಯಬಹುದು. ಪಾಳುಕೋಟೆಗೆ ಕಲ್ಲು ಕದಿಯಲು ಬಂದವರಿರುತ್ತಾರೆ, ನಿಧಿ ಹುಡುಕಿದವರಿರುತ್ತಾರೆ, ಬೇಟೆಯವರು, ಆಡು ಕಾಯುವ ಹುಡುಗರು ಇರುತ್ತಾರೆ. ಹಾಗಿದ್ದರೆ ಕೋವಿ 1399ರ ನಂತರ ಬಿದ್ದಿರಬಹುದಲ್ವಾ? ಬೀಳಬಹುದು. ಕೋಟೆ ಕೆಡವಿದ ಕಲ್ಲುಗಳ ಅಡಿಯಲ್ಲಿ ಸಿಕ್ಕಿತೋ, ಮೇಲೆ ಸಿಕ್ಕಿತೋ ಅನ್ನೋ ಒಂದು ಸಾಲು 1849ರಲ್ಲಿ ಬರೆದಿಟ್ಟಿದ್ದರೆ ಈ ಪ್ರಶ್ನೆ ಅಲ್ಲೇ ಮುಗಿಯುತ್ತಿತ್ತು.

ಆ ಸಾಲು ಇಲ್ಲದ ಕಾರಣ ಕೋವಿಯ ಮೈಯನ್ನೇ ಸಾಕ್ಷಿಗೆ ಕರೆಯಬೇಕು. 15ನೇ ಶತಮಾನ ಮುಂದುವರಿದ ಹಾಗೆ ಕೈಕೋವಿಯಲ್ಲಿ ಏನೇನು ಬದಲಾಯಿತು ಅನ್ನೋದು ಸಾಕಷ್ಟು ಗೊತ್ತಿದೆ. ಮದ್ದನ್ನು ಹಿಟ್ಟಿನ ಬದಲು ಕಾಳುಕಾಳಾಗಿ ಮಾಡುವುದನ್ನು ಕಲಿತರು, ಅದರ ಜೊತೆಗೆ ನಳಿಗೆ ಉದ್ದವಾಯಿತು. ಕೋಟೆಯ ಗೋಡೆಗೋ ತೊಲೆಗೋ ಸಿಕ್ಕಿಸಿ ಒದೆತ ತಡೆಯಲು ನಳಿಗೆಯ ಅಡಿಯಲ್ಲಿ ಕೊಕ್ಕೆ ಬಂತು. ಬೆಂಕಿಯ ತೂತು ಮೇಲಿನಿಂದ ಬದಿಗೆ ಸರಿಯಿತು, ಅದರ ಪಕ್ಕದಲ್ಲಿ ರಂಜಕಕ್ಕೆ, ಅಂದರೆ ಮೊದಲು ಬೆಂಕಿ ಹತ್ತಿಸುವ ಪುಡಿಗೆ, ಪುಟ್ಟ ಬಟ್ಟಲು ಬಂತು. ಟಾನೆನ್‌ಬರ್ಗ್ ಕೋವಿ ಗಿಡ್ಡ, ಕೊಕ್ಕೆಯಿಲ್ಲ, ತೂತು ಮೇಲೇ ಇದೆ, ಮದ್ದಿನ ಕೋಣೆ ಹಳೆಯ ಪದ್ಧತಿಯದು. ನಾಲ್ಕೂ ಒಂದೇ ಕಡೆ ಕೈ ತೋರಿಸುತ್ತವೆ. 1450ರ ಹೊತ್ತಿಗೆ ಯಾರೋ ತಂದು ಎಸೆದ ಕೋವಿ ಅಂತ ವಾದಿಸುವವರು, ಅಷ್ಟು ಹಳೆಯ ಸರಕನ್ನು ಪಾಳುಗುಡ್ಡಕ್ಕೆ ಯಾಕೆ ಹೊತ್ತು ತಂದರು ಅಂತಲೂ ಹೇಳಬೇಕಾಗುತ್ತದೆ. ಹಳೆಯ ಮಾದರಿಗಳು ತಟ್ಟನೆ ಸಾಯುವುದಿಲ್ಲ, ನಿಜ. ಆದರೂ ಕೋಟೆ ಮತ್ತು ಆಕಾರ ಎರಡೂ ಒಂದೇ ಕಾಲ ಹೇಳುವಾಗ ನಾನು ಅವುಗಳ ಕಡೆಗೇ ವಾಲುತ್ತೇನೆ.

ಕೊನೆಯ ಗಡುವು ಸಿಕ್ಕಿತು, ಶುರು ಎಲ್ಲಿ?

ನನ್ನ ತಕರಾರು ಇರುವುದು ಬೇರೆ ಕಡೆ. ಕೋವಿ 1399ರಲ್ಲಿ ಕೋಟೆಯೊಳಗೆ ಬಿತ್ತು ಅಂತಲೇ ಒಪ್ಪೋಣ. ಅದರಿಂದ ಗೊತ್ತಾಗುವುದು ಇಷ್ಟೇ: ಅದು ಆ ವರ್ಷಕ್ಕಿಂತ ಈಚಿನದಲ್ಲ. ಎಷ್ಟು ಹಿಂದಿನದು? ಆ ವಸಂತದಲ್ಲಿ ಎರಕ ಹೊಯ್ದದ್ದಾಗಿರಬಹುದು, ಅಜ್ಜನ ಕಾಲದ್ದೂ ಆಗಿರಬಹುದು. ಕಂಚಿಗೆ ತುಕ್ಕಿನ ಭಯ ಕಡಿಮೆ, ಎಷ್ಟು ವರ್ಷ ಬೇಕಾದರೂ ಕೆಲಸ ಮಾಡುತ್ತದೆ. ಪುಸ್ತಕಗಳಲ್ಲಿ "1399ರ ಕೋವಿ" ಅಂತ ಬರೆದಾಗ ಓದುವವರು ಅದನ್ನು ತಯಾರಾದ ವರ್ಷ ಅಂದುಕೊಳ್ಳುತ್ತಾರೆ.

ಎರಡೂ ತುದಿ ಸಿಗುವ ಪ್ರಕರಣಗಳೂ ಇವೆ, ಅಪರೂಪಕ್ಕೆ. ಡೆನ್ಮಾರ್ಕ್-ಜರ್ಮನಿ ಗಡಿಯ ಶ್ಲೆಸ್‌ವಿಗ್ ಸೀಮೆಯ ವೇಡೆಲ್‌ಸ್ಪಾಂಗ್ ಕೋಟೆಯಲ್ಲಿ ಒಂದು ಕಬ್ಬಿಣದ ಕೋವಿ ಸಿಕ್ಕಿದೆ. ಆ ಕೋಟೆ ಎದ್ದದ್ದು 1416ರ ಸುಮಾರಿಗೆ, ಬಿದ್ದದ್ದು 1426ರಲ್ಲಿ. ಕೋವಿ ಬೇರೆ ಕಡೆಯಿಂದ ಬಂದದ್ದೇ ಆದರೂ, ಅದು ಬಳಕೆಯಲ್ಲಿದ್ದ ಹತ್ತು ವರ್ಷಗಳ ಕಿಂಡಿ ಕಾಣುತ್ತದೆ. ಎಸ್ಟೋನಿಯಾದ ಒಟೆಪ್ಯಾ ಕೋಟೆಯಲ್ಲಿ ಸಿಕ್ಕ ಕೋವಿಯದು ಟಾನೆನ್‌ಬರ್ಗ್‌ನ ಹಾಗೆಯೇ, 14ನೇ ಶತಮಾನದ ಕೊನೆಗೆ ಕೋಟೆ ಹಾಳಾದದ್ದೇ ಅದರ ಗಡುವು.

ಇನ್ನು ಕೋಟೆಯೇ ಇಲ್ಲದವುಗಳ ಕಥೆ ಕೇಳಿ. ಸ್ವೀಡನ್ನಿನ ಲೋಸ್‌ಹುಲ್ಟ್‌ನಲ್ಲಿ 1861ರಲ್ಲಿ ಒಂದು ಕಂಚಿನ ಪುಟ್ಟ ತೋಪು ಸಿಕ್ಕಿತು. ಉದ್ದ 30 ಸೆಂಟಿಮೀಟರ್, ತೂಕ ಸುಮಾರು 9 ಕಿಲೋ, ಆಕಾರ ಹೂದಾನಿಯಂತೆ. ಜೊತೆಗೆ ಕೋಟೆಯಿಲ್ಲ, ಯುದ್ಧದ ದಾಖಲೆಯಿಲ್ಲ. ಅದನ್ನು 14ನೇ ಶತಮಾನದ ಮೊದಲ ಅರ್ಧಕ್ಕೆ ಸೇರಿಸುವುದು ಹೆಚ್ಚಾಗಿ ಒಂದು ಚಿತ್ರದ ಬಲದಿಂದ. 1326ರ ಸುಮಾರಿಗೆ ಇಂಗ್ಲೆಂಡಿನ ವಾಲ್ಟರ್ ಡಿ ಮೈಲ್‌ಮೀಟ್ ತಯಾರಿಸಿದ ಹಸ್ತಪ್ರತಿಯಲ್ಲಿ ಹೂದಾನಿ ಆಕಾರದ ತೋಪೊಂದು ಬಾಣ ಉಗುಳುತ್ತಿದೆ. ಎರಡೂ ನೋಡಲು ಒಂದೇ ಥರ, ಹಾಗಾಗಿ ಕಾಲವೂ ಒಂದೇ ಅನ್ನೋ ತರ್ಕ. ಅದೇ ಸ್ವೀಡನ್ನಿನ ಮ್ಯೋರ್ಕೋ ಹತ್ತಿರ ಸಮುದ್ರದಲ್ಲಿ 1828ರಲ್ಲಿ ಮೀನುಗಾರನಿಗೆ ಸಿಕ್ಕ ಇನ್ನೊಂದು ಕೋವಿಯ ಮೇಲೆ ಗಡ್ಡದ ಮನುಷ್ಯನ ತಲೆಯಿದೆ. ತುಂಬಾ ಚೆಂದದ ವಸ್ತು. ಆದರೆ ನೀರಿನಡಿಯಿಂದ ಬಂದದ್ದಕ್ಕೆ ಗಡುವು ಕೊಡುವವರು ಯಾರು? ಅದರ ಅಲಂಕಾರ ಮತ್ತು ಆಕಾರ ನೋಡಿ 1390ರ ಆಸುಪಾಸು ಅನ್ನುತ್ತಾರೆ.

ಇಲ್ಲೇ ಒಂದು ಸುತ್ತು ಶುರುವಾಗುತ್ತದೆ. ಕೋಟೆಯಿಲ್ಲದ ಕೋವಿಗೆ "ಟಾನೆನ್‌ಬರ್ಗ್‌ನಂತಿದೆ, ಆದ್ದರಿಂದ 1400ರ ಸುಮಾರು" ಅಂತ ಕಾಲ ಕಟ್ಟುತ್ತಾರೆ. ಆಮೇಲೆ ಅಂಥ ಹತ್ತು ಕೋವಿಗಳನ್ನು ಸಾಲಾಗಿಟ್ಟು, "ನೋಡಿ, ಈ ಮಾದರಿಯವೆಲ್ಲ 1400ರ ಸುಮಾರಿನವು, ಹಾಗಾಗಿ ಟಾನೆನ್‌ಬರ್ಗ್‌ನದೂ ಸರಿಯೇ" ಅನ್ನುತ್ತಾರೆ. ಸಾಲ ಕೊಟ್ಟವನೂ ಜಾಮೀನು ನಿಂತವನೂ ಒಬ್ಬನೇ! ಬೇರೆ ದಾರಿಯಿಂದ ಬಂದ ಇಸವಿ ಬೇಕು. ಮೈಮೇಲೇ ತಾರೀಕು ಇರುವ ಕೋವಿಗಳು ಸಿಗುವುದು ಚೀನಾ ಕಡೆ. ಕುಬ್ಲಾಯ್ ಖಾನನ ಬೇಸಿಗೆ ರಾಜಧಾನಿ ಶಾಂಗ್‌ಡು ಪಾಳಿನಲ್ಲಿ ಸಿಕ್ಕ ಕೋವಿಯ ಮೇಲೆ 1298ಕ್ಕೆ ಸರಿಹೊಂದುವ ವರ್ಷ ಕೆತ್ತಿದೆ. ಅದರ ಉದ್ದ ಸುಮಾರು 35 ಸೆಂಟಿಮೀಟರ್, ಹೆಚ್ಚುಕಡಿಮೆ ಟಾನೆನ್‌ಬರ್ಗ್‌ನಷ್ಟೇ. ಒಂದು ಶತಮಾನದ ಅಂತರ, ಅರ್ಧ ಭೂಮಿಯ ದೂರ, ಅಳತೆ ಮಾತ್ರ ಇಷ್ಟು ಹತ್ತಿರ. ಉದ್ದವೊಂದನ್ನೇ ನೋಡಿ ಕಾಲ ಹೇಳಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಪ್ರಯೋಗಾಲಯ ಎಷ್ಟು ಸಹಾಯ ಮಾಡುತ್ತದೆ?

"ಕಾರ್ಬನ್ ಡೇಟಿಂಗ್ ಮಾಡಿಸಿದರೆ ಆಯ್ತಲ್ಲ" ಅಂತ ಕೇಳುವವರಿದ್ದಾರೆ. ಕಂಚಿಗೆ ಅದು ಆಗುವುದಿಲ್ಲ, ಒಮ್ಮೆ ಬದುಕಿದ್ದ ವಸ್ತು ಬೇಕು. ಹಿಂಭಾಗದ ಟೊಳ್ಳಿನಲ್ಲಿ ಮರದ ಚೂರು ಉಳಿದಿದ್ದರೆ, ನಳಿಗೆಯಲ್ಲಿ ಮದ್ದಿನ ಇದ್ದಿಲು ಉಳಿದಿದ್ದರೆ ಕೈ ಹಾಕಬಹುದು. ಆದರೆ ಹಿಡಿ ಮುರಿದಾಗ ಹೊಸದು ತೂರಿಸುತ್ತಾರೆ, ಹಾಗಾಗಿ ಮರ ಹೇಳುವುದು ಕೊನೆಯ ಹಿಡಿಯ ಕಾಲ. ಅದರಲ್ಲೂ 14ನೇ ಶತಮಾನ ಕಾರ್ಬನ್ ಲೆಕ್ಕಕ್ಕೆ ಕೆಟ್ಟ ಕಾಲ. ಆಗ ವಾತಾವರಣದ ರೇಡಿಯೋಕಾರ್ಬನ್ ಏರಿಳಿದ ಕಾರಣ ಅಳತೆಯನ್ನು ಇಸವಿಗೆ ತಿರುಗಿಸುವ ಗೆರೆ ಮೇಲೆ ಕೆಳಗೆ ಡೊಂಕಾಗಿದೆ. 1380ರ ಮರವನ್ನು ಕೊಟ್ಟರೆ ಉತ್ತರ ಎರಡು ತುಂಡಾಗಿ ಬರುತ್ತದೆ: ಶತಮಾನದ ಶುರುವಿನದು ಇರಬಹುದು, ಕೊನೆಯದೂ ಇರಬಹುದು. ನಮಗೆ ಬೇಕಾದ ಪ್ರಶ್ನೆಯೇ ಅದು!

ಲೋಹ ಪರೀಕ್ಷೆ ಬೇರೆ ಥರ. ತಾಮ್ರ ಎಷ್ಟು, ತವರ ಎಷ್ಟು, ಸೀಸ ಎಷ್ಟು ಅಂತ ಗೊತ್ತಾಗುತ್ತದೆ. ಸೀಸದ ಐಸೋಟೋಪ್ (ಒಂದೇ ಲೋಹದ ಬೇರೆಬೇರೆ ತೂಕದ ಪರಮಾಣುಗಳು) ನೋಡಿ ಗಣಿಯ ಸೀಮೆಯನ್ನೂ ಊಹಿಸಬಹುದು. ಆದರೆ ಕಂಚನ್ನು ಕರಗಿಸಿ ಕರಗಿಸಿ ಮತ್ತೆ ಎರಕ ಹೊಯ್ಯುತ್ತಿದ್ದರು. ಹಳೆಯ ಗಂಟೆ, ಒಡೆದ ಹಂಡೆ ಎಲ್ಲ ಒಂದೇ ಮೂಸೆಗೆ. ಲೋಹ ಪರೀಕ್ಷೆಯ ದೊಡ್ಡ ಉಪಯೋಗ ನಕಲಿ ಹಿಡಿಯುವುದು. 19ನೇ ಶತಮಾನದ ಸಂಗ್ರಹಕಾರರ ಹುಚ್ಚಿಗೆ ತಕ್ಕ ಹಾಗೆ ಹೊಸ "ಹಳೆಯ ಕೋವಿ"ಗಳೂ ತಯಾರಾದವು. ಕಾರ್ಖಾನೆಯ ಶುದ್ಧ ಲೋಹ ಕಂಡರೆ ಮುಖವಾಡ ಕಳಚುತ್ತದೆ.

ನಮ್ಮ ಕಡೆಯ ಒಂದು ಬಾವಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ಅನ್ನೋ ಊರಿನಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, 2002ರಲ್ಲಿ ಕಬ್ಬಿಣದ ಕೊಳವೆಗಳು ಸಿಕ್ಕಿದ್ದವು. ಮೊದಲು ಅವನ್ನು ತೋಪಿನ ಗುಂಡು ಅಂದುಕೊಂಡರು, ಆಮೇಲೆ ರಾಕೆಟ್ ಅಂತ ಗೊತ್ತಾಯಿತು. 2018ರಲ್ಲಿ ರಾಜ್ಯ ಪುರಾತತ್ವ ಇಲಾಖೆ ಅಲ್ಲಿನ ಪಾಳುಬಾವಿ ಅಗೆಸಿದಾಗ ಸಾವಿರಕ್ಕೂ ಜಾಸ್ತಿ ರಾಕೆಟ್ ಹೊರಬಂದವು. ಅವುಗಳ ಮೇಲೂ ಇಸವಿಯಿಲ್ಲ. ಟಿಪ್ಪು ಕಾಲದವು ಅನ್ನೋದು ಊರಿನ ಇತಿಹಾಸದಿಂದ ಬಂದ ಮಾತು: 1763ರಲ್ಲಿ ಬಿದನೂರು ಹೈದರನ ವಶವಾಯಿತು, 1783ರಲ್ಲಿ ಇಂಗ್ಲಿಷರ ಕೈಗೆ ಹೋಗಿ ಅದೇ ವರ್ಷ ಟಿಪ್ಪುವಿಗೆ ಮರಳಿತು. ಇಲ್ಲಿ ಒಂದು ದೊಡ್ಡ ಅನುಕೂಲವಿದೆ. ಒಂದೇ ಬಾವಿಯಲ್ಲಿ ಒಂದೇ ಬಗೆಯ ಸಾವಿರ ವಸ್ತು ಇದ್ದರೆ ಅದು ಉಗ್ರಾಣ, ದಾರಿತಪ್ಪಿ ಬಿದ್ದದ್ದಲ್ಲ. ಟಾನೆನ್‌ಬರ್ಗ್‌ನಲ್ಲಿ ಸಿಕ್ಕಿದ್ದು ಒಂದೇ ಒಂದು. ಹಾಗಾಗಿ ಅದು ಹೇಗೆ ಬಿತ್ತು ಅನ್ನೋ ಪ್ರಶ್ನೆ ಅಷ್ಟು ಕಾಡುತ್ತದೆ.

ಯಾರದು ಅನ್ನೋದೂ ಕಾಡುತ್ತದೆ. ಎಲ್ಲರೂ ಒಳಗಿದ್ದವರದು ಅಂದುಕೊಳ್ಳುತ್ತಾರೆ, ಯಾಕಂದರೆ ಸಿಕ್ಕಿದ್ದು ಒಳಗೆ. ಆದರೆ ಕೋಟೆ ಬಿದ್ದ ದಿನ ಹೊರಗಿದ್ದವರೂ ಒಳಗೆ ಬಂದಿದ್ದರು. 14ನೇ ಶತಮಾನದ ಕೊನೆಯಲ್ಲಿ ಇಂಥ ಕೈಕೋವಿಗಳನ್ನು ಜಾಸ್ತಿ ಕೊಂಡು ಇಟ್ಟುಕೊಂಡಿದ್ದು ದುಡ್ಡಿದ್ದ ಜರ್ಮನ್ ನಗರಗಳು, ಅವುಗಳ ಲೆಕ್ಕಪತ್ರಗಳಲ್ಲಿ ಇದು ಕಾಣುತ್ತದೆ. ದಾರಿ ದೋಚುವ ನೈಟ್‌ಗಳ ಬಳಿ ಇರಬಾರದು ಅಂತೇನಿಲ್ಲ. ದೋಚಿದ ಮಾಲಿನಲ್ಲೇ ಬಂದಿರಬಹುದು. ಒಬ್ಬ ನಗರದ ಸಿಪಾಯಿಯ ಕೈಯಿಂದ ಜಾರಿ ಬಿದ್ದದ್ದೂ ಇರಬಹುದು. ಮುತ್ತಿಗೆಯ ಚಿತ್ರ ಬರೆಯುವವರು ಇದನ್ನು ಗೋಡೆಯ ಮೇಲೆ ನಿಂತವನ ಕೈಗೇ ಕೊಡುತ್ತಾರೆ. ಅದಕ್ಕೆ ಕೋವಿಯಲ್ಲಿ ಆಧಾರವಿಲ್ಲ.

ಕೋವಿ ಈಗ ನ್ಯೂರೆಂಬರ್ಗ್‌ನ ಜರ್ಮನಿಕ್ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಅಗೆದಾಗ ಆ ಮ್ಯೂಸಿಯಂ ಹುಟ್ಟಿರಲೇ ಇಲ್ಲ, ಅದು ಶುರುವಾದದ್ದು 1852ರಲ್ಲಿ. ಇದರ ಫಲಕ ಬರೆಯುವ ಕೆಲಸ ನನಗೆ ಬಂದರೆ "1399" ಅಂತ ಒಂಟಿ ಇಸವಿ ಹಾಕುವುದಿಲ್ಲ. "ಕಂಚಿನ ಕೈಕೋವಿ, 14ನೇ ಶತಮಾನದ ಎರಡನೇ ಅರ್ಧ. 1399ರಲ್ಲಿ ಹಾಳಾದ ಕೋಟೆಯ ಬಾವಿ ಅಥವಾ ತೊಟ್ಟಿಯಲ್ಲಿ ಸಿಕ್ಕಿದ್ದು" ಅಂತ ಬರೆಯುತ್ತೇನೆ. ಮೊದಲ ಸಾಲು ನಮ್ಮ ಅಂದಾಜು, ಎರಡನೆಯದು ನಡೆದದ್ದು. ಎರಡನ್ನೂ ಬೇರೆಬೇರೆ ಇಟ್ಟರೆ ನಾಳೆ ಇನ್ನೊಂದು ಕೋಟೆಯಲ್ಲಿ ಇದರ ಜೋಡಿ ಸಿಕ್ಕಾಗ ಬದಲಾಯಿಸಬೇಕಾದ್ದು ಒಂದೇ ಸಾಲು.